ಬೆರಿಲ್ ಅಜ್ಜಿಯ ಬಿಟ್ಟಿ ಜನವರಿ

ಯಾವ ಅಂಚಿಗೆ ಬಂದರೂ ಬೆರಿಲ್ ಅಜ್ಜಿ ನಿಂತುಬಿಡುತ್ತಿದ್ದಳು. ರಸ್ತೆಯ ಅಂಚಾದರೆ ಸರಿ. ಹುಲ್ಲುಹಾಸಿನ ಅಂಚಿನಲ್ಲಿ, ಗ್ರಂಥಾಲಯದ ಹೊಸ್ತಿಲಲ್ಲಿ, ಕೊನೆಗೆ ಸಮುದ್ರದ ಅಂಚಿನಲ್ಲೂ ಬಲಗೈಯನ್ನು ಭುಜದ ಮಟ್ಟಕ್ಕೆ ಅಡ್ಡ ಚಾಚಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ಹೊರಳಿಸಿ, ಅಲೆಗಳಿಗೂ ತುಸು ತಾಳಿಕೊಳ್ಳುವಂತೆ ಆಜ್ಞಾಪಿಸಿದವಳ ಗಾಂಭೀರ್ಯದಿಂದ "ಹೂಂ, ಈಗ ನಡೀರಿ" ಎನ್ನುತ್ತಿದ್ದಳು. ಹಿಂದೆ ಸಾಲುಗಟ್ಟಿದ ಮಕ್ಕಳು ಆಮೇಲೆಯೇ ನೀರಿಗಿಳಿಯಬೇಕು. ನಮ್ಮ ಬಡಾವಣೆ ಮೇಫೀಲ್ಡಿನ ಶಾಲೆಯೊಂದರ ಮುಂದೆ ವರ್ಷಾನುಗಟ್ಟಲೆ ಮಕ್ಕಳನ್ನು ರಸ್ತೆ ದಾಟಿಸಿದ ದೇಹ ಅದು. ನಿವೃತ್ತಿಯ ವಾರ್ತೆಯನ್ನು ಅದಕ್ಕೆ ಯಾರೂ ಮುಟ್ಟಿಸಿರಲಿಲ್ಲ. ಕೆಲಸದ ಬಿಳಿ ಕೋಟನ್ನೂ ಆಕೆ ಹಿಂದಿರುಗಿಸಿರಲಿಲ್ಲ. ಮೊಣಕಾಲು ಮುಚ್ಚುವ ಆ ಕೋಟನ್ನು ನಮ್ಮ ದಕ್ಷಿಣಗೋಳದ ನಡುಬೇಸಿಗೆಯಾದ ಜನವರಿಯ ಉರಿಬಿಸಿಲಿನಲ್ಲೂ ತೊಟ್ಟು, ಜೇಬುಗಳಲ್ಲಿ ಗಾಯದ ಪಟ್ಟಿ, ಸೀಮೆಸುಣ್ಣ, ಹುರಿದಾರ, ಹಳೆಯ ಇಸ್ಪೀಟು ಕಟ್ಟು ಎಲ್ಲವನ್ನೂ ತುರುಕಿಕೊಂಡು, ಫ್ರೀಜರಿನಲ್ಲಿ ಕಲ್ಲಾಗಿಸಿದ ಕಿತ್ತಳೆ ಹೋಳುಗಳ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು, ಅದರ ಭಾರಕ್ಕೆ ತುಸು ವಾಲಿಕೊಂಡು ನಡೆಯುತ್ತಿದ್ದಳು.

ನಮ್ಮ ಬೀದಿಯಲ್ಲಿ ಬೇಸಿಗೆ ರಜೆ ಮಕ್ಕಳಿಗೆ ಮಾತ್ರ ಬರುತ್ತಿತ್ತು. ದೊಡ್ಡವರೆಲ್ಲ ಆಸ್ಪತ್ರೆಯಲ್ಲೋ ಕಸಾಯಿಖಾನೆಯಲ್ಲೋ ಅಂಗಡಿಯ ಗಲ್ಲೆಯಲ್ಲೋ ಇರುವವರು; ಮಕ್ಕಳನ್ನು ರಜಾಶಿಬಿರಕ್ಕೆ ಕಳುಹಿಸಿದರೆ ದಿನದ ದುಡಿಮೆಯೆಲ್ಲ ಅದರ ಶುಲ್ಕಕ್ಕೇ ಸಲ್ಲುತ್ತಿತ್ತು. ನಾನು ರಾತ್ರಿಪಾಳಿಯ ದಾದಿ. ಬೆಳಿಗ್ಗೆ ಬಂದು ಮಲಗಿದರೆ ನನ್ನ ಮಗಳಿಗೆ ಗೋಡೆಯೇ ಗತಿ. ಬೆರಿಲ್‌ಳನ್ನು ಯಾರೂ ಕೇಳಿಕೊಂಡದ್ದಲ್ಲ. ಒಂದು ವರ್ಷ ಆಕೆಯ ಗೇಟಿನ ಬಳಿ ಮಕ್ಕಳೆರಡು ಏನೂ ತೋಚದೆ ನಿಂತಿದ್ದವಂತೆ. ಆಕೆಯ ಕೈ ತಾನಾಗಿಯೇ ಚಾಚಿಕೊಂಡಿತಂತೆ. ಮರುದಿನ ಐದಾರು ಮಕ್ಕಳಾದವು, ಮರುವರ್ಷ ಹನ್ನೊಂದು.

ಹೆದ್ದಾರಿಯ ಪಕ್ಕ ಜಾರುಬಂಡೆಗಳ ನೀರಿನ ಪಾರ್ಕೊಂದಿತ್ತು. ಮಕ್ಕಳು ಪೀಡಿಸುವುದು ಅದಕ್ಕೇ.

"ಅಜ್ಜೀ, ನೀರಿನ ಪಾರ್ಕಿಗೆ ಯಾವಾಗ ಹೋಗೋದು?"

"ಊರಲ್ಲಿ ಬಿಟ್ಟಿ ಸಿಗೋದೆಲ್ಲ ಮೊದ್ಲು ಮುಗೀಲಿ ಕಣ್ರೋ. ಆಮೇಲೆ ದುಡ್ಡಿಂದು ನೋಡೋಣ."

ಅದು ಎಂದೂ ಮುಗಿಯಲಿಲ್ಲ. ಬಂದರಿನ ಬಾಯಲ್ಲಿ ಕಲ್ಲಿದ್ದಲ ಹಡಗು ನುಸುಳುವಾಗ, ಮೇಲಿನ ನಾವಿಕ ಒಬ್ಬನಾದರೂ ಕೈ ಬೀಸುವವರೆಗೆ ಎಲ್ಲರೂ ಕೂಗಬೇಕು. ಫ್ರಿಜ್ಜಿನ ರಟ್ಟಿನ ಮೇಲೆ ಕೂತು ಗುಡ್ಡದ ಹುಲ್ಲಿನಿಂದ ಜಾರಬೇಕು. ಮುದುಕರ ಕ್ಲಬ್ಬಿನ ಚೆಂಡಾಟದಲ್ಲಿ, ಯಾವ ಕಡೆಯವರು ಸೋಲುತ್ತಿದ್ದಾರೋ ಅವರ ಪರವಾಗಿ ಗಂಟಲು ಹರಿಯುವಂತೆ ಜಯಕಾರ ಹಾಕಬೇಕು. ಹಾಗೆಂದು ಆಕೆಯೇನೂ ವಾತ್ಸಲ್ಯಮೂರ್ತಿಯಲ್ಲ. ಇಸ್ಪೀಟಿನಲ್ಲಿ ಏಳು ವರ್ಷದವರಿಗೂ ನಿಸ್ಸಂಕೋಚವಾಗಿ ಮೋಸ ಮಾಡುತ್ತಿದ್ದಳು. "ಬೇಜಾರಾಗ್ತಿದೆ" ಎಂದು ಯಾರಾದರೂ ರಾಗ ತೆಗೆದರೆ, "ಒಳ್ಳೇದು, ಇಟ್ಕೋ. ಮಧ್ಯಾಹ್ನಕ್ಕೆ ಬೇಕಾಗತ್ತೆ" ಎಂದು ಮುಂದೆ ನಡೆಯುತ್ತಿದ್ದಳು.

ಶನಿವಾರಗಳು ಹರಾಜಿಗೆ ಮೀಸಲು. ಮನೆಗಳನ್ನು ಅವುಗಳ ಅಂಗಳದಲ್ಲೇ ಹರಾಜು ಕೂಗುವ ನಮ್ಮೂರಿನಲ್ಲಿ ಇದಕ್ಕಿಂತ ರಸವತ್ತಾದ ನಾಟಕ ಬೇರೆಯಿಲ್ಲವೆಂಬುದು ಆಕೆಯ ದೃಢಮತ. ಎದುರುಮನೆಯ ಪಾಗಾರದ ಗೋಡೆಯ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದಳು. ನೆರೆದವರ ಕಾಲ್ನೋಟದಿಂದಲೇ, ಅಂದರೆ ಬರೀ ಚಪ್ಪಲಿ ಬೂಟು ನೋಡಿ, ಮನೆ ಯಾರ ಪಾಲಾಗುವುದೆಂದು ಊಹಿಸಬೇಕು. ಗೆದ್ದವರಿಗೆ ದೊಡ್ಡ ಕಿತ್ತಳೆ ಹೋಳು.

ಒಂದು ಜನವರಿಯ ಕೊನೆಯ ಶನಿವಾರ ಹರಾಜಿಗೆ ಬಂದದ್ದು ನಮ್ಮ ಬೀದಿಯದೇ ಹಳದಿ ಮನೆ. ಅದರಲ್ಲಿ ಬಾಡಿಗೆಗಿದ್ದದ್ದು ಟೋಂಗಾ ದ್ವೀಪದಿಂದ ಬಂದ ಮೆಲೆನಾಯ್ಟೆ ಮತ್ತು ಆಕೆಯ ಮಗಳು ಲೂಪೆ. ಮಾರಾಟವಾದೊಡನೆ ಖಾಲಿ ಮಾಡಬೇಕೆಂದು ಮಾಲೀಕ ಮೊದಲೇ ತಿಳಿಸಿದ್ದ. ಅಂದು ಮೆಲೆನಾಯ್ಟೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಪಾಳಿ. ಬೆರಿಲ್ ಬೆಳಿಗ್ಗೆಯೇ, "ಇವತ್ತು ಹರಾಜಿಲ್ಲ, ಸಮುದ್ರಕ್ಕೆ" ಎಂದು ಘೋಷಿಸಿದಳು.

ಒಂಬತ್ತು ವರ್ಷದ ಲೂಪೆ ಸಾಲಿನಿಂದ ಹೊರಗೆ ಬಂದಳು. "ಯಾಕೆ? ಎಲ್ಲರ ಮನೇದೂ ನೋಡಿದೀವಿ. ಇವತ್ತು ನಮ್ಮದು. ನಾನು ಬರಲ್ಲ ಸಮುದ್ರಕ್ಕೆ."

ಬೆರಿಲ್ ಬಲಗೈಯನ್ನು ಅಡ್ಡ ಚಾಚಿ ಎಲ್ಲರನ್ನೂ ತಡೆದಳು. ಆಮೇಲೆ ಸಾಲನ್ನು ಹಳದಿ ಮನೆಯ ಕಡೆಗೆ ತಿರುಗಿಸಿದಳು.

ಯಾವಾಗಲೂ ಹರಾಜುಗಾರನ ಟೈನಿಂದ ಹಿಡಿದು ಧ್ವನಿಯವರೆಗೆ ಗೇಲಿ ಮಾಡುತ್ತಿದ್ದ ಬೆರಿಲ್ ಅಂದು ಕಿತ್ತಳೆ ಡಬ್ಬಿಯ ಮುಚ್ಚಳವನ್ನೇ ಮತ್ತೆ ಮತ್ತೆ ಬಿಗಿಮಾಡುತ್ತಿದ್ದಳಂತೆ. ಮಕ್ಕಳೂ ಊಹೆ ಹೇಳಲು ಹಿಂಜರಿದರು. ಲೂಪೆ ಮಾತ್ರ ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸುಣ್ಣದ ಕಲೆಯ ಬೂಟಿನವನನ್ನೂ ಅವನ ಹೆಂಡತಿಯನ್ನೂ ತೋರಿಸಿದಳು. ಕೂಗು ಏರಿತು, ತಡೆಯಿತು, ಮತ್ತೆ ಏರಿತು. ಸುತ್ತಿಗೆ ಬಿದ್ದಾಗ ಮನೆ ಅವರದೇ ಆಗಿತ್ತು. ಲೂಪೆ ತನಗೆ ಸಲ್ಲಬೇಕಾದ ದೊಡ್ಡ ಹೋಳನ್ನು ಕೇಳಿ ಪಡೆದು, ಅದನ್ನು ಚೀಪುತ್ತಲೇ ರಸ್ತೆ ದಾಟಿ ಆ ದಂಪತಿಯ ಮುಂದೆ ನಿಂತಳು.

"ಹಿಂದಿನ ಬಾಗಿಲು ಸುಮ್ನೆ ತೆಗ್ಯಲ್ಲ. ಕೆಳಗಡೆ ಒದೀಬೇಕು. ಮೆಲ್ಲಗೆ."

ಹೆಂಗಸು ನಕ್ಕಳು. "ನಿಂಗೆ ಹೇಗೆ ಗೊತ್ತು ಪುಟ್ಟೀ?"

"ದಿನಾ ಒದೆಯೋದು ನಾನೇ ಅಲ್ವಾ."

ನಗು ಅಲ್ಲಿಗೇ ನಿಂತಿತು. ಗಂಡ ತನ್ನ ಬೂಟುಗಳನ್ನು ನೋಡಿಕೊಂಡ. ಲೂಪೆ ಹಿಂದಿರುಗಿ ಬಂದು ಪಾಗಾರದ ಮೇಲೆ ತನ್ನ ಜಾಗದಲ್ಲಿ ಕುಳಿತಳು. ಇದಿಷ್ಟೂ ನನ್ನ ಮಗಳು ಹೇಳಿದ್ದು.

ಸಂಜೆ ನಾನು ಕೆಲಸಕ್ಕೆ ಹೊರಡುವಾಗ ಬೆರಿಲ್‌ಳ ಗೇಟಿನ ಮುಂದೆ ಮೆಲೆನಾಯ್ಟೆ ನಿಂತಿದ್ದಳು. ಆಸ್ಪತ್ರೆಯ ಸಮವಸ್ತ್ರವನ್ನೂ ಬದಲಿಸಿರಲಿಲ್ಲ.

"ನಮ್ಮ ಮನೆ ಮಾರೋದು ನನ್ನ ಮಗಳಿಗೆ ತಮಾಷೆನಾ? ಕಿತ್ತಳೆ ತಿನ್ಕೊಂಡು ನೋಡ್ಬೇಕಿತ್ತಾ?"

"ನೀನು ಬಯ್ಯೋದು ಸರಿ," ಎಂದಳು ಬೆರಿಲ್. "ಆದ್ರೆ ಅವಳು ಎಲ್ಲಿ ಕೂತಿದ್ರೂ ಹರಾಜು ಆಗ್ತಿತ್ತು ಕಣಮ್ಮ. ಸಮುದ್ರದ ಹತ್ರ ಒಬ್ಳೇ ಕೂತು ಮನಸ್ಸಲ್ಲೇ ಸಾವಿರ ಸಲ ನೋಡ್ತಿದ್ಲು. ಇಲ್ಲಿ ಹತ್ತು ಮಕ್ಕಳ ಮಧ್ಯೆ ಕೂತು ಒಂದೇ ಸಲ ನೋಡಿದ್ಲು."

ಮೆಲೆನಾಯ್ಟೆ ಗೇಟಿನ ಚಿಲಕವನ್ನು ಎತ್ತಿದಳು, ಇಳಿಸಿದಳು. "ಅತ್ಲಾ?"

"ಇಲ್ಲ."

"ನೀವು?"

"ಡಬ್ಬಿ ತೊಳೀಬೇಕು" ಎಂದು ಬೆರಿಲ್ ಒಳಗೆ ಹೋದಳು.

ಮೆಲೆನಾಯ್ಟೆಯ ಕೋಪ ಪೂರ್ತಿ ಇಳಿಯಿತೆಂದು ನಾನು ಹೇಳಲಾರೆ. ಮನೆ ಖಾಲಿ ಮಾಡಿ ಹೋಗುವಾಗ ಬೀದಿಯವರಿಗೆಲ್ಲ ಹೇಳಿ ಹೋದಳು, ಬೆರಿಲ್‌ಳಿಗೆ ಕೈಯೆತ್ತಿದಳಷ್ಟೆ. ಅಗ್ಗದ ಬಾಡಿಗೆ ಸಿಕ್ಕಿದ್ದು ಥಾರ್ನ್‌ಟನ್ನಿನಲ್ಲಿ, ರೈಲಿನ ದೂರ. ಮುಂದಿನ ಬೇಸಿಗೆ ರಜೆಯ ಮೊದಲ ದಿನ ಬೆರಿಲ್, ಇನ್ನುಮುಂದೆ ಸಾಲು ಕಟ್ಟುವುದು ತನ್ನ ಗೇಟಿನಲ್ಲಲ್ಲ, ವಾರಾಟಾ ರೈಲು ನಿಲ್ದಾಣದಲ್ಲಿ ಎಂದು ಸಾರಿದಳು. ಅಷ್ಟು ದೂರ ಯಾರು ನಡೆಯುವವರೆಂದು ನನ್ನ ಮಗಳು ಗೊಣಗಿದಳು. "ಗೇಟಿನ ಹತ್ರ ಬಿಸಿಲು" ಎಂಬುದು ಬೆರಿಲ್ ಕೊಟ್ಟ ಕಾರಣ. ಆಕೆಯ ಗೇಟಿನ ಮೇಲೆ ದೊಡ್ಡ ನೀಲಿ ಹೂವಿನ ಮರವಿತ್ತು. ನಿಲ್ದಾಣದ ಮುಂದೆ ಒಂದು ಗಿಡವೂ ಇರಲಿಲ್ಲ. ಥಾರ್ನ್‌ಟನ್ ಕಡೆಯ ರೈಲು ಬಂತು. ಲೂಪೆ ಇಳಿದು ಸಾಲಿನ ತುದಿಗೆ ಸೇರಿಕೊಂಡಳು. ಸಾಲು ಹೊರಟಿತು. ಅವಳನ್ನು ಕಳುಹಿಸಿದ್ದು ತಾಯಿ ಮೆಲೆನಾಯ್ಟೆಯೇ.

ಎಲ್ಲ ಬೀದಿಗಳಲ್ಲೂ ಇಂಥವರು ಒಬ್ಬಿಬ್ಬರಿರುತ್ತಾರೆ. ಮಕ್ಕಳ ಪ್ರೀತಿಗಾಗಿ ಹೆಸರಾದವರಲ್ಲ; ಉಡುಗೊರೆ ಕೊಡುವವರೂ ಅಲ್ಲ. ನಡೆಯುತ್ತಿರುವ ಲೋಕದ ಎದುರಿಗೇ ಮಕ್ಕಳನ್ನು ಕೂರಿಸಿ, ಎದ್ದುಹೋಗದೆ ಪಕ್ಕದಲ್ಲಿ ಉಳಿಯುವುದೊಂದೇ ಅವರು ಬಲ್ಲ ವಿದ್ಯೆ. ಜಗತ್ತು ಅದನ್ನು ಮಿತವ್ಯಯವೆಂದು ಕರೆಯುತ್ತದೆ, ಕೆಲವೊಮ್ಮೆ ಕಾಠಿಣ್ಯವೆಂದೂ. ಮಕ್ಕಳು ಬೆಳೆದ ಮೇಲೆ ಕಂಡದ್ದನ್ನು ನೆನೆಯುತ್ತಾರೆ, ಕಾಣಿಸಿದವರನ್ನು ಮರೆಯುತ್ತಾರೆ. ಅದರ ಬಗ್ಗೆ ಇಂಥವರಿಗೆ ದೂರೇನೂ ಇದ್ದಂತಿಲ್ಲ.