ಗ್ರೀಕರ ಕಸ್ತೂರಿ

ವಾರಪತ್ರಿಕೆಯೊಂದರ ದೀಪಾವಳಿ ಸಂಚಿಕೆಯಲ್ಲಿ ಅಚ್ಚಾದ ನನ್ನ ಕಥೆಯ ನಾಯಕಿಗೆ ನಿಯೋಬಿ ಎಂದು ಹೆಸರಿಟ್ಟಿದ್ದೆ. ಜೇವರ್ಗಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನನಗೆ ಹೊಸ ಹೆಸರುಗಳ ಹುಚ್ಚು. ಇಂಗ್ಲಿಷ್ ಕಲಿಸುವ ಅಬ್ದುಲ್ ಗನಿ ಸರ್ ಓದಲು ಕೊಟ್ಟ ಗ್ರೀಕರ ಪುರಾಣದಿಂದ ಅದನ್ನು ಎತ್ತಿದ್ದೆ. ಓದುವವರಿಗೆ ಏನು ಗೊತ್ತಾಗುತ್ತದೆ ಎಂಬ ಸೊಕ್ಕು ಬೇರೆ.

ಮುಂದಿನ ಬೇಸಿಗೆಯಲ್ಲಿ, ಅಂದರೆ ೧೯೮೧ರಲ್ಲಿ, ಇಜೇರಿಯ ನನ್ನ ಅಕ್ಕ ಗೌರಾಬಾಯಿಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಅಕ್ಕನ ಮೊದಲಿನ ಎರಡು ಕೂಸುಗಳು ಹೆಸರಿಡುವ ಮೊದಲೇ ಹೋಗಿದ್ದವು. ಅಂಥ ಮನೆಯಲ್ಲಿ ಮುಂದೆ ಹುಟ್ಟಿದ ಕೂಸಿಗೆ ತಿಪ್ಪವ್ವ ಎಂದು ಹೆಸರಿಡುವುದು ರೂಢಿ. ತಿಪ್ಪೆಯ ಹೆಸರು ಕೇಳಿ ಸಾವು ಕೂಡ ಮೂಗು ಮುಚ್ಚಿಕೊಂಡು ಹೋಗಲಿ ಎಂದು. ಅಕ್ಕ ಒಪ್ಪಲಿಲ್ಲ.

"ನನ್ನ ತಮ್ಮ ಬರದ ಹೆಸರ ಇಡ್ತೇನಿ. ನಿಯೋಬಿ."

ಪುರಾಣದ ನಿಯೋಬಿಗೆ ಹದಿನಾಲ್ಕು ಮಕ್ಕಳು. ಅಷ್ಟು ಮಕ್ಕಳ ತಾಯಿ ಎಂದು ಅವಳು ಮೆರೆದದ್ದಕ್ಕೆ ಸಿಟ್ಟಾದ ದೇವರುಗಳು ಬಾಣ ಬಿಟ್ಟು ಅವರನ್ನೆಲ್ಲ ಕೊಂದರು. ಅವಳು ಅತ್ತೂ ಅತ್ತೂ ಕಲ್ಲಾದಳು. ಇದನ್ನು ಬಾಣಂತಿಗೆ ಹೇಳುವುದೇ? ಹೇಳದೆ ಸುಮ್ಮನಿದ್ದು, ನಾಳೆ ಕೂಸಿಗೆ ಏನಾದರೂ ಆದರೆ? ದೇವರು ದಿಂಡರು ಎಲ್ಲ ಸುಳ್ಳು ಎಂದು ಶಾಲೆಯಲ್ಲಿ ಭಾಷಣ ಬಿಗಿಯುವವನು, ಕಂಡು ಕೇಳದ ಗ್ರೀಕ್ ದೇವರಿಗೆ ಹೆದರಿ ಬೆವರುತ್ತಿದ್ದೆ.

ಕೂಸಿನ ಸೋದರತ್ತೆ ನಿಂಬೆವ್ವ ತೊಟ್ಟಿಲಿನ ಮೇಲೆ ಬಾಗಿದಳು. ಅವಳು ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ರೂಢಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರೆಲ್ಲ ಮುಷ್ಟಿ ಎತ್ತಿ ನಿಂತಿದ್ದರು.

"ತಡೀರಿ!" ಎಂದು ಕೂಗಿಬಿಟ್ಟೆ. ಎಲ್ಲವನ್ನೂ ಹೇಳಿದೆ.

ನಿಂಬೆವ್ವನ ಮುಖ ಅರಳಿತು. "ಹಂಗಾರ ಇದ ಇರಲಿ ಬಿಡ್ರಿ, ಮಾಸ್ತರ್ರ. ತಿಪ್ಪವ್ವಗಿಂತ ಛಲೋ ಆತು. ಇಂಥಾ ಕೆಟ್ಟ ಹೆಸರ ಕೇಳಿದ್ರ ಸಾವು ಊರಾಗ ಕಾಲಿಡೂದಿಲ್ಲ."

"ಹೌದ್ರಿ, ಖರೆ ಐತಿ" ಎಂದರು ಉಳಿದವರು. ನಾನು ಯಾವುದನ್ನು ಶಾಪ ಅಂದುಕೊಂಡಿದ್ದೆನೋ ಅದೇ ಇವರಿಗೆ ತಾಯಿತವಾಗಿತ್ತು. ಯಾರು ಸರಿ, ಯಾರು ತಪ್ಪು, ನನಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಅಕ್ಕ ಕೂಸಿನ ಕಿವಿಯ ಮೇಲೆ ಅಂಗೈ ಮುಚ್ಚಿದಳು.

"ತಮ್ಮಾ, ಆ ಕಥಿ ಯಾವಾಗ ಬರದಿ?"

"ನಿನ್ನ ಎರಡನೇ ಕೂಸು ಹೋದ ತಿಂಗಳಾ."

ಅಕ್ಕ ನನ್ನನ್ನೇ ನೋಡಿದಳು. ಅವಳ ಅಳುವನ್ನೇ ಕಥೆ ಮಾಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

"ಅಂದ್ರ ಆ ಹೆಸರ ನಂದು. ಅಳೂದು ನನಗಿರಲಿ, ನನ್ನ ಮಗಳಿಗೆ ಬ್ಯಾಡ. ಆಕೀ ಮಕ್ಕಳಾಗ ಒಂದೂ ಉಳೀಲಿಲ್ಲೇನು?"

ಪುಸ್ತಕದಲ್ಲಿ ಒಂದೂ ಉಳಿದಿರಲಿಲ್ಲ.

"ಕಡೀ ಮಗಳು ಉಳದಳು" ಎಂದೆ.

"ಆಕೀ ಹೆಸರೇನು?"

ನಿಂಬೆವ್ವ ಮತ್ತೆ ಬಾಗಿದ್ದಳು. ಮುಷ್ಟಿಗಳು ಮತ್ತೆ ಮೇಲೆದ್ದಿದ್ದವು. ಗ್ರೀಕರ ಒಂದು ಹೆಸರೂ ನೆನಪಿಗೆ ಬರಲೊಲ್ಲದು.

"ಕಸ್ತೂರಿ" ಎಂದೆ, ಬಾಯಿಗೆ ಬಂದದ್ದು.

ನಿಂಬೆವ್ವ ಕಿವಿಯಲ್ಲಿ ಕುರ್ರ್ ಎಂದು ಆ ಹೆಸರು ಉಸುರಿದಳು. ಬೆನ್ನಿನ ಮೇಲೆ ದಬದಬ ಗುದ್ದು ಬಿದ್ದವು.

ಕಸ್ತೂರಿಬಾಯಿ ಈಗ ಏಳನೇ ಇಯತ್ತೆಯಲ್ಲಿದ್ದಾಳೆ. ತನ್ನದು ಗ್ರೀಕರ ಹೆಸರು ಎಂದು ಶಾಲೆ ತುಂಬ ಹೇಳಿಕೊಂಡು ತಿರುಗುತ್ತಾಳೆ. ಮೊನ್ನೆ ಬಂದವಳು ಕೇಳಿದಳು: "ಮಾಮಾ, ಆ ಕಸ್ತೂರಿ ಹೆಂಗ ಉಳದಳು?"

"ಅವರವ್ವ ಸೆರಗಿನ್ಯಾಗ ಮುಚ್ಚಿಕೊಂಡು ಕುಂತಿದ್ದಳವ್ವಾ."

ಅಷ್ಟು ಪುಸ್ತಕದಲ್ಲಿದೆ. ಮುಂದಿನ ಸಾಲನ್ನು ನಾನು ಯಾರಿಗೂ ಓದಿ ಹೇಳಿಲ್ಲ.