ಕರು ಕಟ್ಟುವ ಜಾಗ

ಊರಂಚಿನ ಕೆಸರೆ ಬಡಾವಣೆಯ ಆಚೆ, ಮಳೆನೀರು ನಿಂತ ಹಳೆಯ ಕಲ್ಲುಕ್ವಾರಿಯ ಪಕ್ಕದಲ್ಲಿ ಮಲೇರಿಯಾ ಸಮೀಕ್ಷೆಯವರದೊಂದು ತೆರೆದ ಕೊಟ್ಟಿಗೆಯಿತ್ತು. ಮುಸ್ಸಂಜೆ ಅಲ್ಲಿ ಕರು ಕಟ್ಟಿ, ಅದರ ಮೈಮೇಲೆ ಕೂತ ಸೊಳ್ಳೆಗಳನ್ನು ಗಾಜಿನ ಕೊಳವೆಯಲ್ಲಿ ಹೀರಿ ಹಿಡಿಯುತ್ತಿದ್ದರು. 1996ರ ಬೇಸಿಗೆಯಲ್ಲಿ ಆ ಕರು ಸತ್ತಿತು. ಹೊಸ ಕರುವಿಗೆ ಮಂಜೂರಾತಿ ಬರುವ ಮೊದಲೇ ಯೋಗೇಂದ್ರ ಬಂದ. ಕೆಲಸವಿಲ್ಲದ ಪದವೀಧರರನ್ನು ಒಂದು ವರ್ಷದ ಮಟ್ಟಿಗೆ ಸ್ವಯಂಸೇವಕರೆಂದು ಕಚೇರಿಗಳಿಗೆ ಹಂಚುವ ಸರ್ಕಾರದ ಯೋಜನೆ ಅವನನ್ನು ಕಳಿಸಿತ್ತು.

ಅವನು ಪ್ರಾಣಿಶಾಸ್ತ್ರ ಓದಿದವನು. ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಾರೆ ಅಂದುಕೊಂಡಿದ್ದ. ಅಲ್ಲಿ ಅದೇ ಯೋಜನೆಯಲ್ಲಿ ಮೊದಲೇ ಬಂದಿದ್ದ ಸುಚಿತ್ರಾ ಕೂತಿದ್ದಳು.

"ನಿಂಗೆ ಫೀಲ್ಡು," ಎಂದರು ಮೇಲ್ವಿಚಾರಕ ಪ್ರಭುಸ್ವಾಮಿ. ಬೆವರಿಗೂ ಅಳಿಸದ ವಿಭೂತಿಯ ಮನುಷ್ಯ. "ಪ್ಯಾಂಟು ಮೊಣಕಾಲ್ಗಂಟ ಮಡಚ್ಕೊಂಡು ಸುಮ್ನೆ ಕೂರೋದು. ಕಾಲ್ಮೇಲೆ ಕೂತಿದ್ದನ್ನ ಸೊಳ್ಳೆ ಹಿಡಿಯೋ ನಮ್ ಮೂಗಯ್ಯ ಹಿಡೀತಾನೆ. ಮನುಷ್ಯರನ್ನ ಕಚ್ಚೋ ಸೊಳ್ಳೆ ಯಾವ್ದು ಅಂತ ಕರುಗಿಂತ ಮನುಷ್ಯನ ಕಾಲೇ ಚೆನ್ನಾಗಿ ಹೇಳುತ್ತೆ. ಸೈನ್ಸ್ ಓದಿದೀಯಲ್ಲ, ಗೊತ್ತಿರ್ಬೇಕು."

ಗೊತ್ತಿತ್ತು. ವಾದ ಸರಿಯಾಗಿಯೇ ಇತ್ತು.

"ಕಚ್ಚಿದ್ರೆ ಸರ್?"

"ಕಚ್ಚೋದ್ರೊಳಗೆ ಹೀರ್ಕೊಂಬುಡ್ತಾನೆ. ಮಠದಲ್ಲಿ ಬಡಿಸೋ ಸೇವೆಗೆ ನಿಂತೋರು ಕೈ ಸುಡ್ತು ಅಂತ ಸೌಟು ಬಿಸಾಕ್ತಾರೇನಯ್ಯ? ಇದೂ ಸೇವೇನೇ. ಮೂಗಯ್ಯ ಚಳಿಗಾಲಕ್ಕೆ ರಿಟೈರಾಗ್ತಾನೆ. ಆ ಪೋಸ್ಟಿಗೆ ನಾನು ಇನ್ಯಾರ ಹೆಸರು ಕಳಿಸ್ಲಿ, ಹೇಳು?"

ಆ ಮಾತಿಗೆ ಯೋಗೇಂದ್ರ ಕಾಲು ಕೊಟ್ಟ.

ಕಚೇರಿಯಲ್ಲಿ ಯಾರೂ ಅವನ ಹೆಸರು ಕಲಿಯಲಿಲ್ಲ. ಜೀಪು ಹೊರಡುವಾಗ ಮೂಗಯ್ಯ ಕೂಗುತ್ತಿದ್ದ: "ಕರು ಹತ್ತುಸ್ಕೊಂಡ್ರಾ?" ಕೊಟ್ಟಿಗೆಯಲ್ಲಿ ಹಳೆಯ ಕರುವಿನ ಗೂಟಕ್ಕೆ ಒರಗಿಯೇ ಅವನು ಕೂರಬೇಕಿತ್ತು.

ಮೂಗಯ್ಯನ ಕಣ್ಣಿಗೆ ಪೊರೆ ಬಂದಿತ್ತು. ಕೊಳವೆಯ ಬಾಯಿ ಸೊಳ್ಳೆಯನ್ನು ಹುಡುಕುವಷ್ಟರಲ್ಲಿ ಅದು ಹೊಟ್ಟೆ ತುಂಬಿಸಿಕೊಂಡಿರುತ್ತಿತ್ತು. ಇದನ್ನು ಮೇಲೆ ಹೇಳಿದರೆ ಮೂಗಯ್ಯ ಮುನಿಯುತ್ತಾನೆ. ಅವನ ಜಾಗ ಬೇಕಾದವನು ಅವನನ್ನು ಕೆರಳಿಸಬಾರದು. ಯೋಗೇಂದ್ರ ಮೈ ಅಲುಗಿಸದೆ ಪಿಸುಗುಟ್ಟುತ್ತಿದ್ದ: "ಎಡಗಾಲು, ಮೂಗಣ್ಣ. ಗಂಟಿನ ಮೇಲೆ."

"ನಿನ್ನಂಥ ಸಾಧು ಕರುನ ನನ್ ಸರ್ವೀಸ್ನಾಗೇ ಕಂಡಿಲ್ಲ ಕಣೋ," ಎನ್ನುತ್ತಿದ್ದ ಮೂಗಯ್ಯ.

ಬೆವರಿನ ವಾಸನೆಗೆ ಸೊಳ್ಳೆ ಹೆಚ್ಚು ಬರುತ್ತದೆಂದು ಯೋಗೇಂದ್ರ ಓದಿದ್ದ. ಕಾಲುಚೀಲ ಒಗೆಯುವುದನ್ನು ಬಿಟ್ಟ. ವಿದ್ಯಾರಣ್ಯಪುರಂನ ಮನೆಯಲ್ಲಿ ತಾಯಿ ಬೀರಮ್ಮ ದಿನವೂ ಅವನ ಕಾಲಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಳು. "ಸರ್ಕಾರಿ ಸೇವೇಲಿರೋ ಮಗ ಅಂತ ಬೀದಿಗೆಲ್ಲ ಹೇಳಿವ್ನಿ ಕಣಪ್ಪ. ಕಾಲು ನೋಡಿದ್ರೆ ಹುಣ್ಣು ಹುಣ್ಣು." ಅವನು ಸೈಕಲ್ ಏರಿ ಹೋಗಿ, ಬೀದಿ ತಿರುವಿನ ನಲ್ಲಿಯಲ್ಲಿ ಆ ಎಣ್ಣೆಯನ್ನು ಸೋಪು ಹಾಕಿ ತೊಳೆದು, ಹಳೆಯ ಕಾಲುಚೀಲವನ್ನೇ ಮತ್ತೆ ಹಾಕಿಕೊಳ್ಳುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ಕಚೇರಿಯ ಬೆಂಚಿನ ಮೇಲೆ ಅವನು ನಡುಗುವುದನ್ನು ನೋಡಿ ಸುಚಿತ್ರಾ ಬೆರಳು ಚುಚ್ಚಿ ರಕ್ತ ತೆಗೆದಳು. ಲೆನ್ಸಿನ ಕೆಳಗೆ, ಕೆಂಪು ಕಣಗಳೊಳಗೆ ಮಲೇರಿಯಾದ ಸಣ್ಣ ಉಂಗುರಗಳು ಕಂಡವು.

ಪ್ರಭುಸ್ವಾಮಿ ಓಡಿಬಂದು ತಾವೂ ಇಣುಕಿದರು. "ಪಾಸಿಟಿವ್! ಕೇಸೇ ಇಲ್ಲ ಅಂತ ಯೂನಿಟ್ ಮುಚ್ಚೋಕೆ ಹೊರಟಿದ್ರಲ್ಲ, ಈಗ ಮುಚ್ಲಿ ನೋಡೋಣ! ಮೂಗಯ್ಯ, ಕಾಫಿ ತರಿಸೋ ಎಲ್ರಿಗೂ."

"ಆಸ್ಪತ್ರೆ ಖರ್ಚು, ರಜೆ ಏನಾದ್ರೂ ಸಿಗುತ್ತಾ ಸರ್ ಇವ್ರಿಗೆ?" ಎಂದಳು ಸುಚಿತ್ರಾ.

"ಅದೆಲ್ಲ ನೌಕರರಿಗಮ್ಮ. ಈತ ಇಷ್ಟಪಟ್ಟು ಬಂದೋನು. ಗುಳಿಗೆ ಕೊಟ್ಟು ಕಳಿಸು."

ಕಾಫಿ ಯೋಗೇಂದ್ರನಿಗೂ ಬಂತು. ಹಲ್ಲು ಲೋಟಕ್ಕೆ ಬಡಿಯುತ್ತಿದ್ದುದರಿಂದ ಕುಡಿಯಲಾಗಲಿಲ್ಲ.

ಗುಳಿಗೆ ಮುಗಿಸಿ ಅವನು ಮರಳಿದಾಗ ಗೂಟಕ್ಕೆ ಹೊಸ ಕರು ಕಟ್ಟಿದ್ದರು. ಕಿವಿಗೆ ಇಲಾಖೆಯ ಬಿಲ್ಲೆ. ಪಶುವೈದ್ಯರೊಬ್ಬರು ಅದರ ಬಾಯಿ ಬಿಡಿಸಿ ನೋಡುತ್ತಿದ್ದರು. ಸರ್ಕಾರದ ಆಸ್ತಿಯಾದ್ದರಿಂದ ಆಗಾಗ ಬಂದು ನೋಡಲೇಬೇಕಂತೆ.

"ಸರ್, ಕರುಗೆ ಬರೋ ಸೊಳ್ಳೇನೇ ಬೇರೆ. ನೀವೇ ಹೇಳಿದ್ರಿ," ಎಂದ ಯೋಗೇಂದ್ರ, ಅಲ್ಲೇ ನಿಂತಿದ್ದ ಪ್ರಭುಸ್ವಾಮಿಗೆ. ಪ್ಯಾಂಟನ್ನು ಆಗಲೇ ಮಡಚಿದ್ದ. "ಅದಕ್ಕಿಂತ ನನ್ ಕಾಲೇ ವಾಸಿ."

"ನಿನ್ ರಕ್ತದಲ್ಲಿ ರೋಗ ಇತ್ತಲ್ಲಪ್ಪ. ನಿನ್ನನ್ನ ಕಚ್ಚಿದ ಸೊಳ್ಳೆಗೆ ನಿನ್ನಿಂದ್ಲೇ ಅಂಟಿದ್ರೆ? ಸ್ಯಾಂಪಲ್ಲೇ ಕೆಟ್ಟೋಯ್ತು. ಕರುಗೆ ಈ ಮಲೇರಿಯಾ ಬರಲ್ಲ."

"ಸುಚಿತ್ರಾ ಮತ್ತೆ ನೋಡಿದ್ರು ಸರ್. ಏನೂ ಇಲ್ಲ."

"ಮತ್ತೆ ತಿರುಗಿ ಬರುತ್ತೆ ಈ ಜಾತಿ ಜ್ವರ. ಓದಿದೋನಿಗೆ ನಾನು ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಿರಲಿಲ್ಲ. ರೋಗಾಣು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮರುಕಳಿಸುವುದನ್ನು ಅವನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದ.

"ಪೋಸ್ಟು, ಸರ್?"

"ಅದಕ್ಕೆ ಮೆಡಿಕಲ್ ಫಿಟ್‌ನೆಸ್ ಬೇಕಲ್ಲಯ್ಯ." ಪ್ರಭುಸ್ವಾಮಿ ಅವನ ಹೆಗಲ ಮೇಲೆ ಕೈಯಿಟ್ಟರು. "ವರ್ಷ ಮುಗಿಯೋಗಂಟ ಸೇವೆ ಮಾಡು, ಬೇಡ ಅನ್ನಲ್ಲ. ಹೊಸ ಕರು, ನಿಂತ ಕಡೆ ನಿಲ್ಲಲ್ಲ. ಹಗ್ಗ ಹಿಡ್ಕೊ. ಆಮೇಲೆ ನೋಡೋಣ."

ನೋಡೋಣ ಅಂದರಲ್ಲ, ಆಗುವುದಿಲ್ಲ ಅನ್ನಲಿಲ್ಲ. ಯೋಗೇಂದ್ರ ಹಗ್ಗ ಹಿಡಿದ.

ಕತ್ತಲಿಳಿಯುತ್ತಿದ್ದಂತೆ ಸೊಳ್ಳೆಗಳು ಎದ್ದವು. ಮೊದಲ ಕಡಿತಕ್ಕೇ ಕರು ಅರಚಿ, ಬಾಲ ಬೀಸಿ ಮೂಗಯ್ಯನ ಕೈಯ ಕೊಳವೆಯನ್ನು ಹಾರಿಸಿತು.

"ಗಟ್ಟಿಯಾಗಿ ಹಿಡ್ಕೊಳೋ! ಇದು ನಿನ್ನಷ್ಟು ಸಾಧು ಅಲ್ಲ."

ಯೋಗೇಂದ್ರ ಮಂಡಿಯೂರಿ, ಕರುವಿನ ಕಾಲನ್ನು ಎದೆಗೆ ಅವುಚಿಕೊಂಡ. ಅದು ಬಿಡಿಸಿಕೊಳ್ಳಲು ಮತ್ತೆ ಮತ್ತೆ ಒದೆಯಿತು. ಅವನು ಬಿಡಲಿಲ್ಲ.

"ಎಡಗಾಲು, ಮೂಗಣ್ಣ," ಎಂದ, ಪಿಸುದನಿಯಲ್ಲಿ. "ಗೊರಸಿನ ಮೇಲೆ."