ಕೊಳ್ಳುವವನ ಬೆರಳು

ಕಾಶೆಪ್ಪನ ಬೆರಳುಗಳ ಬಗ್ಗೆ ದೇವಣಿಯ ದನದ ಸಂತೆಯಲ್ಲಿ ಯಾರನ್ನಾದರೂ ಕೇಳಿ, ಕೈಕೆಲಸ ಬಿಟ್ಟು ನಿಂತು ಹೇಳುತ್ತಾರೆ. ಅಲ್ಲಿ ದಲಾಲಿ ಮಾಡುವವರು ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಕೂಗುವುದಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು. ಇಡೀ ಅಂಗೈ ಹಿಡಿದರೆ ಐದು. ಅಂಗೈಯ ಜೊತೆಗೊಂದು ಬೆರಳಾದರೆ ಆರು. ಮೊದಲು ಬೆರಳೋ ಮೊದಲು ಅಂಗೈಯೋ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಎಲ್ಲ ಕೂಡಿಸಿದರೆ ಮುಗಿಯಿತು. ಈ ವಿದ್ಯೆಯಲ್ಲಿ ಕಾಶೆಪ್ಪನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳುವವನು ಕಾಶೆಪ್ಪನೇ. ಜಂಬವೆಂದರೆ ಮಹಾ ಜಂಬ. ಆದರೆ ಹೇಳುವುದೆಲ್ಲ ನಿಜ, ಅದೇ ತಲೆನೋವು.

ಈಗ ಅವನ ಕಣ್ಣಿಗೆ ಕಾಚಬಿಂದು, ಅಂದರೆ ಗ್ಲಾಕೋಮಾ, ಬಂದು ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ಉಳಿದಿದೆ. ಅಷ್ಟಾದರೂ ಉಳಿಯಬೇಕಾದರೆ ದಿನಾ ಮಧ್ಯಾಹ್ನ ಎರಡು ಗಂಟೆಗೆ ತಪ್ಪದೆ ಕಣ್ಣಿಗೆ ಔಷಧದ ಹನಿ ಬೀಳಬೇಕು. ಬೆಳಗಿನದು, ರಾತ್ರಿಯದು ಮಗ ಹಾಕುತ್ತಾನೆ. ನಡುವಿನದು ಸೊಸೆ ಸುಮಂಗಲಾಳ ಪಾಲು.

ಸುಮಂಗಲಾ ಔರಾದ ಕಡೆಯವಳು, ಗಣಿತ ಓದಿ ಬಿ.ಎಡ್. ಮಾಡಿಕೊಂಡು ಈ ಮನೆಗೆ ಬಂದವಳು. ಮದುವೆಯಾದಂದಿನಿಂದ ಒಂದು ಶಾಲೆಗಾಗಿ ಕಾದು ಕಾದು ಸಾಕಾಗಿದ್ದಳು. ಕೊನೆಗೂ ಉದಗೀರದ ಶಾಲೆಯೊಂದರಿಂದ ಕರೆ ಬಂತು: ಶುಕ್ರವಾರ ಬಂದು ಪಾಠ ಮಾಡಿ ತೋರಿಸಿ, ಒಪ್ಪಿಗೆಯಾದರೆ ಸೋಮವಾರದಿಂದಲೇ ಕೆಲಸ. ಅವಳ ಗಂಡ ಧನರಾಜ ಟೆಂಪೋ ಓಡಿಸುತ್ತಾನೆ. ಕೆಟ್ಟವನಲ್ಲ, ಹೆದರುಪುಕ್ಕಲ.

"ಅಪ್ಪಗ ಮಧ್ಯಾನ್ನದ ಹನಿ ಯಾರು ಹಾಕ್ತಾರ? ಅಂವಾ ತಾನ ಟೈಮ್ ನೋಡಿ ಹಾಕ್ಕೊಂಡ ಅಂದ್ರ ಹೋಗು. ಇಲ್ಲಂದ್ರ ಈ ನೌಕರಿ ಬ್ಯಾಡ," ಎಂದ.

ಹೆಣ್ಣು ದನಿಯಲ್ಲಿ ಸಮಯ ಹೇಳುವ ಮೊಬೈಲ್ ತಂದುಕೊಟ್ಟರೆ ಮುದುಕ, "ಆಕಿ ಯಾರ ನನಗ ಹುಕುಂ ಮಾಡಾಕಿ?" ಎಂದು ಅದನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟ. ಆಗ ಸುಮಂಗಲಾಳ ಕಣ್ಣಿಗೆ ಬಿದ್ದದ್ದು ಗೋಡೆಯ ಹಳೇ ಗಡಿಯಾರ. ನಿಜಾಮರ ಕಾಲದ್ದು. ಅದರ ಗಾಜು ಯಾವತ್ತೋ ಒಡೆದಿತ್ತು. ಹಿತ್ತಾಳೆಯ ರೋಮನ್ ಅಂಕಿಗಳು ಉಬ್ಬಿ ನಿಂತಿದ್ದವು. ಗುರುವಾರ ಸಂಜೆ ಅದನ್ನು ಇಳಿಸಿ ಮಾವನ ಎದೆಯ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದಳು.

"ಮಾವಾರ, ಇದು ನಿಮ್ಮ ಟವೆಲ್ ಲೆಕ್ಕನೇ ರೀ. ಒಂದು ಗೀಟಂದ್ರ ಒಂದು ಬೆರಳು. ಈ ಎರಡು ಗೀಟು ಕೆಳಗ ಕೂಡ್ಯಾವಲ್ಲ, ಇದು ಅಂಗೈ, ಐದು. ಒಂದಕ್ಕೊಂದು ಅಡ್ಡ ಬಿದ್ದದ್ದು ಎರಡೂ ಕೈ, ಹತ್ತು."

ಸಾಲೆಯ ಮೆಟ್ಟಿಲು ಹತ್ತದ, ಹೊತ್ತು ನೋಡಿಯೇ ವೇಳೆ ಹೇಳುತ್ತಿದ್ದ ಮನುಷ್ಯ ಬೆರಳ ತುದಿಯನ್ನು ಆ ಹಿತ್ತಾಳೆಯ ಮೇಲೆ ಆಡಿಸಿದ. ಅಬ್ಬಾ, ಎಂಥ ಬೆರಳು! ಮುಳ್ಳನ್ನು ಮುಟ್ಟಿದರೂ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇದು ಎರಡು. ಇದು ಅಂಗೈ, ಮ್ಯಾಲ ಎರಡು ಬೆರಳು, ಏಳು. ಹೌದಲ್ಲ?"

"ಶಾಬಾಸ್ ರೀ! ಆದ್ರ ಇನ್ನೊಂದು ಮಾತು ಅದ..."

"ಸಾಕು ಬಿಡ ಯವ್ವಾ. ಕೂಡಸೂದು ನನಗ ಕಲಸ್ತೀ?"

ಅವಳಿಗೂ ಮರುದಿನದ ಪಾಠದ ತಯಾರಿ ಇತ್ತು. ಆ ಮಾತನ್ನು ಅಲ್ಲಿಗೇ ಬಿಟ್ಟು ಪುಸ್ತಕ ತೆರೆದಳು.

ಶುಕ್ರವಾರ ಕಾಶೆಪ್ಪ ಸಣ್ಣ ಮುಳ್ಳು ಎರಡು ಗೀಟಿನ ಮೇಲಿದ್ದದ್ದನ್ನು ಮುಟ್ಟಿ ನೋಡಿ, ಹನಿ ಹಾಕಿಕೊಂಡು, ಊಟ ಮಾಡಿ ಮಲಗಿದ. ಎದ್ದು ಮತ್ತೆ ಮುಟ್ಟಿದ. ಮುಳ್ಳಿನ ತುದಿಯಲ್ಲಿ ಒಂದು ಬೆರಳು, ಒಂದು ಅಂಗೈ. ಆರು! ಐದೂವರೆಗೆ ಬರುತ್ತೇನೆಂದ ಸೊಸೆಯ ಸುಳಿವಿಲ್ಲ. ಕೋಲು ಹಿಡಿದು ಹೊರಟೇಬಿಟ್ಟ.

ಧನರಾಜನಿಗೆ ಅವನು ಸಿಕ್ಕಿದ್ದು ಉದಗೀರ ರಸ್ತೆಯ ಬಸ್ ನಿಲ್ದಾಣದ ಹತ್ತಿರ, ಲಾರಿಗಳ ಹಾರ್ನಿನ ನಡುವೆ. ಇಳಿದವರನ್ನೆಲ್ಲ ತಡೆದು "ಮಾಝೀ ಸೂನ್ ಉತರ್‍ಲೀ ಕಾ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದ, ನನ್ನ ಸೊಸೆ ಇಳಿದಳೇ ಎಂದು. ಆಗ ನಾಲ್ಕು ದಾಟಿ ಸ್ವಲ್ಪ ಹೊತ್ತಾಗಿತ್ತು ಅಷ್ಟೆ.

ಪಾಠ ಒಪ್ಪಿಗೆಯಾದ ಖುಷಿಯಲ್ಲಿ ಸುಮಂಗಲಾ ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ.

"ನೌಕರಿ ಗೀಕರಿ ಏನೂ ಬ್ಯಾಡ. ಇವತ್ತು ಲಾರಿ ಕೆಳಗ ಸಿಗತಿದ್ದ ಅಂವಾ."

ಒಳಗೆ ಮುದುಕ ಮಂಚದ ತುದಿಗೆ ಕೂತಿದ್ದ. ಜಂಬವೆಲ್ಲ ಇಳಿದುಹೋಗಿತ್ತು.

"ಆರಾಗಿತ್ತ ಯವ್ವಾ, ನೀ ಬರಲಿಲ್ಲ. ಜೀವ ನಿಲ್ಲಲಿಲ್ಲ ನಂದು."

ಇವನು ತಪ್ಪಿದ್ದು ತನ್ನ ಕಣ್ಣಿನ ಚಿಂತೆಯಲ್ಲಲ್ಲ, ಅವಳ ಚಿಂತೆಯಲ್ಲಿ. ಅವಳು ಅವನ ಕೈಹಿಡಿದು ಗಡಿಯಾರದ ಹತ್ತಿರ ಕರೆತಂದಳು.

"ಒಂದರಿಂದ ಎಣಸಕೋತ ಬರ್ರಿ."

"ಒಂದು. ಎರಡು. ಮೂರು. ಆರು." ಬೆರಳು ಗಕ್ಕನೆ ನಿಂತಿತು. "ಮೂರರ ಮುಂದ ಆರು ಹ್ಯಾಂಗ?" ಮುಂದಕ್ಕೆ ಹೋದ. "ಐದು. ಮತ್ತ ಆರು! ಎರಡು ಆರು ಯಾವ ಊರಾಗ ಇರ್ತಾವ?"

ಸುಮಂಗಲಾ ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದಳು. ಹೇಳಿಕೊಟ್ಟರೆ ಆಗುವುದಿಲ್ಲ ಎಂದು ಅವಳಿಗೆ ಈಗ ಗೊತ್ತಿತ್ತು. ಮುದುಕನ ಬೆರಳು ಆ ಎರಡರ ನಡುವೆ ಹೋಗಿ ಬಂದು, ಹೋಗಿ ಬಂದು ಮಾಡಿತು.

"ಇಲ್ಲಿ ಬೆರಳು ಅಂಗೈಗಿಂತ ಮೊದಲ ನಿಂತದ. ಅಲ್ಲಿ ಅಂಗೈ ಆದಮ್ಯಾಲ ಬಂದದ." ತಟ್ಟನೆ ತೊಡೆ ಚಪ್ಪರಿಸಿದ. "ತಿಳೀತು! ಹಿಂದ ಬಂದಾಂವ ಮಾರಾಂವ. ಐದಾತು, ಮ್ಯಾಲ ಒಂದು ಕೊಡು ಅಂತಾನ. ಮುಂದ ನಿಂತಾಂವ ಕೊಳ್ಳಾಂವ. ಐದು ಅನ್ನೂಕಿಂತ ಮೊದಲ, ಒಂದು ಬಿಡು ಅಂತಾನ. ಐದರಾಗ ಒಂದು ಹೋತು, ನಾಕು! ಹಂಗಾದ್ರ ಹತ್ತರ ಮುಂದ ಒಂದು ನಿಂತ್ರ ಒಂಬತ್ತು, ಹಿಂದ ನಿಂತ್ರ ಹನ್ನೊಂದು!"

ಸುಮಂಗಲಾಳೂ ಈ ನಿಯಮ ಕಲಿತವಳೇ, ಬಾಯಿಪಾಠ. ಆ ಒಂದು ಗೀಟಿಗೆ ಮುಖವಿದೆ, ಆಸೆಯಿದೆ, ಚೌಕಾಸಿಯಿದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಎಂಥ ತಲೆ ಇವರದು ಎಂದು ಅವಳಿಗೆ ಹೆಮ್ಮೆಯೋ ಹೆಮ್ಮೆ.

"ಸಾಲ್ಯಾಗ ಹುಡುಗ್ರಿಗೆ ಇದನ್ನೇ ಹೇಳ್ತೀನ್ರಿ," ಎಂದುಬಿಟ್ಟಳು. ಹೇಳಿದ ಮೇಲೆ ಯಾವ ಸಾಲೆ ಎಂದು ನೆನಪಾಗಿ ಮುಖ ಬಾಡಿತು. ಧನರಾಜ ಬಾಗಿಲಿಂದ ಎಲ್ಲ ಕೇಳಿಸಿಕೊಂಡಿದ್ದ, ಆದರೆ ಹೂಂ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆಯೂ ಅನ್ನಲಿಲ್ಲ. ಸುಮಂಗಲಾ ಒಳ್ಳೆಯ ಸೀರೆ ಉಟ್ಟು, ಡಬ್ಬಿ ಕಟ್ಟಿಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಗಂಡ ಬಶಿಯಲ್ಲಿ ಚಹಾ ಸುರಿದುಕೊಂಡು ಊದುತ್ತಲೇ ಇದ್ದ. ಕಾಶೆಪ್ಪ ಎದ್ದು ಗೋಡೆಗೆ ಹೋದ. ಬೆರಳಿಟ್ಟ.

"ಹತ್ತು. ಮುಂದ ಕೊಳ್ಳಾಂವ ನಿಂತಾನ. ಒಂಬತ್ತು ಆತು. ಉದಗೀರದ ಬಸ್ಸು ಒಂಬತ್ತೂಕಾಲಕ್ಕ. ಈಕಿ ಇನ್ನಾ ಇಲ್ಲೇ ಯಾಕ ನಿಂತಾಳ?"

ಕಾಶೆಪ್ಪ ಮಗನ ಕಡೆ ತಿರುಗಿದ.

"ಧನ್ಯಾ, ಟೆಂಪೋ ತೆಗಿ. ಈಕಿ ಇವತ್ತು ಮನ್ಯಾಗ ಉಳದ್ರ ನಾ ಹನಿಗೆ ಕಣ್ಣು ತೆರಿಯಾಂವಲ್ಲ. ಇದ್ದ ಬೆಳಕೂ ಹೋಗ್ಲಿ."

ಧನರಾಜ ಅಪ್ಪನ ಮುಖ ನೋಡಿದ. ಬಶಿ ಕೆಳಗಿಟ್ಟು ಕೀಲಿ ತೆಗೆದುಕೊಂಡ.

ಸುಮಂಗಲಾ ಅಳುತ್ತಲೇ ಚಪ್ಪಲಿ ಮೆಟ್ಟಿದಳು. ಮುದುಕ ಗಡಿಯಾರದ ಮೇಲಿಂದ ಕೈ ತೆಗೆದಿರಲಿಲ್ಲ.

"ಐದೂವರಿಗೆ ಬಾ ಯವ್ವಾ," ಎಂದ. "ತಡಾ ಆದ್ರ ನನಗ ಈಗ ಗೊತ್ತಾಗ್ತದ."